ಮರಳು ಸುರಿದು ಕಟ್ಟಿದ ರಾಜ್ಯ

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ತೆರಿಗೆಯ ಮಾತು ಎದ್ದಾಗಲೆಲ್ಲ ನಾವು ಎರಡು ಪಕ್ಷವಾಗುತ್ತೇವೆ. ಸರ್ಕಾರ ಆಸ್ಪತ್ರೆ ಕಟ್ಟಬೇಕು, ಮುದುಕರಿಗೆ ಪಿಂಚಣಿ ಕೊಡಬೇಕು, ಮಕ್ಕಳಿಗೆ ಶಾಲೆ ನಡೆಸಬೇಕು ಎಂದು ಗಿರಣಿಯವರು ಹೇಳುತ್ತಾರೆ. ಎಲ್ಲ ಸರಿ, ಮೊದಲು ನಮ್ಮ ಬೆನ್ನ ಮೇಲಿನ ಮೂಟೆ ಇಳಿಸಿ ಎಂದು ಅಂಗಡಿಯವರು ಹೇಳುತ್ತಾರೆ. ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ. ಆದರೆ ಈಚೆಗೆ ಮೂರನೆಯ ಮಾತೊಂದು ನಮ್ಮ ನಡುವೆ ನುಸುಳಿದೆ. "ತೆರಿಗೆಯೇ ಇಲ್ಲದ, ಸರ್ಕಾರವೇ ಕೈಹಾಕದ ನಾಡೊಂದಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು" ಎಂಬುದೇ ಆ ಮಾತು. ಇದನ್ನು ಹೇಳುವವರು ಕೆಟ್ಟವರಲ್ಲ, ಬೇಸತ್ತವರು. ಅಂಥ ನಾಡನ್ನು ಕಟ್ಟಲು ನಿಜವಾಗಿಯೂ ಹೊರಟವರು ಯಾರು, ಅವರು ಏನು ಮಾಡಿದರು, ಕೊನೆಗೆ ಏನಾಯಿತು ಎಂಬುದನ್ನು ಇಂದು ತಮ್ಮ ಮುಂದೆ ಇಡುತ್ತೇನೆ. ತೀರ್ಪು ತಮ್ಮದು.

ನೀರಿನೊಳಗಿನ ಬಂಡೆ

ಶಾಂತಸಾಗರದ ದಕ್ಷಿಣ ಭಾಗದಲ್ಲಿ, ಫಿಜಿ ಮತ್ತು ಟೊಂಗಾ ದೇಶಗಳ ದಕ್ಷಿಣಕ್ಕೆ, ಮಿನರ್ವಾ ಎಂಬ ಎರಡು ಹವಳದ ದಿಬ್ಬಗಳಿವೆ. ಟೊಂಗಾದ ಮುಖ್ಯ ದ್ವೀಪದಿಂದ ಅವು 400 ಕಿಲೋಮೀಟರಿಗೂ ಹೆಚ್ಚು ದೂರ. 1829ರಲ್ಲಿ ಮಿನರ್ವಾ ಎಂಬ ತಿಮಿಂಗಿಲ ಬೇಟೆಯ ಹಡಗು ಅಲ್ಲಿ ಒಡೆದುದರಿಂದ ಆ ಹೆಸರು ಬಂದಿತು. ಇಳಿತದ ಹೊತ್ತಿನಲ್ಲಿ ಬಂಡೆ ತಲೆ ತೋರುತ್ತದೆ. ಭರತ ಬಂದಾಗ ಮುಳುಗುತ್ತದೆ. ಅಲ್ಲಿ ಮರವಿಲ್ಲ, ಮಣ್ಣಿಲ್ಲ, ಕುಡಿಯುವ ನೀರಿಲ್ಲ. ಸ್ವಾಭಾವಿಕವಾಗಿಯೇ ಮನುಷ್ಯರಿಲ್ಲ.

ಆದರೆ ಮನುಷ್ಯರ ಕಥೆಯೊಂದು ಅಲ್ಲಿದೆ. 1962ರ ಜುಲೈ ತಿಂಗಳಲ್ಲಿ ಟೊಂಗಾದಿಂದ ನ್ಯೂಜಿಲೆಂಡಿಗೆ ಹೊರಟ ತುಆಇಕಾಯ್ಪಾವು ಎಂಬ ಹಾಯಿಹಡಗು ರಾತ್ರಿಯ ಹೊತ್ತಿನಲ್ಲಿ ದಕ್ಷಿಣದ ದಿಬ್ಬಕ್ಕೆ ಬಡಿದು ಒಡೆಯಿತು. ಹದಿನೇಳು ಮಂದಿ ಅದರಲ್ಲಿದ್ದರು. ಅಲ್ಲಿ ಮೊದಲೇ ಒಡೆದು ಬಿದ್ದಿದ್ದ ಜಪಾನೀ ಮೀನುಗಾರಿಕೆ ಹಡಗಿನ ಅವಶೇಷದೊಳಗೆ ಅವರು ಸುಮಾರು ಮೂರು ತಿಂಗಳು ಬದುಕಿದರು. ಮೀನು ಹಿಡಿದು ತಿಂದರು, ಉಪ್ಪು ನೀರನ್ನು ಕಾಯಿಸಿ ಆವಿ ಇಳಿಸಿ ಕುಡಿದರು. ಕೆಲವರು ಅಲ್ಲಿಯೇ ಸತ್ತರು. ಕೊನೆಗೆ ಹಡಗಿನ ನಾಯಕ ತೆವಿತಾ ಫಿಫಿತಾ ಎಂಬಾತ, ಸರಿಯಾದ ಸಲಕರಣೆಗಳಿಲ್ಲದೆ, ಒಡೆದ ಹಡಗಿನ ಮರದಿಂದಲೇ ಚಿಕ್ಕ ದೋಣಿಯೊಂದನ್ನು ಕಟ್ಟಿಸಿದ. ತನ್ನ ಮಗನನ್ನೂ ಹಡಗಿನ ಬಡಗಿಯನ್ನೂ ಕರೆದುಕೊಂಡು ಫಿಜಿಯತ್ತ ಹೊರಟ. ಸುಮಾರು ಒಂದು ವಾರದ ಪ್ರಯಾಣದ ನಂತರ ಫಿಜಿಯ ದಡ ಕಣ್ಣಿಗೆ ಕಾಣುತ್ತಿದ್ದಾಗ ಆ ದೋಣಿಯೂ ಕೈಕೊಟ್ಟಿತು. ಈಜಿ ದಡ ಸೇರುವಾಗ ಮಗ ನೀರುಪಾಲಾದ. ತಂದೆ ದಡ ಮುಟ್ಟಿ ಸುದ್ದಿ ಕೊಟ್ಟ. ನ್ಯೂಜಿಲೆಂಡಿನ ವಾಯುದಳದ ವಿಮಾನ ದಿಬ್ಬಕ್ಕೆ ಹಾರಿ ಉಳಿದವರನ್ನು ಕಾಪಾಡಿತು.

ಈ ವಿಮಾನವನ್ನು ದಯವಿಟ್ಟು ನೆನಪಿನಲ್ಲಿಡಿ. ಅದರ ಎಣ್ಣೆಗೆ ಹಣ ಕೊಟ್ಟವರು ಯಾರು? ನ್ಯೂಜಿಲೆಂಡಿನಲ್ಲಿ ತೆರಿಗೆ ತೆತ್ತ ಜನ. ಟೊಂಗಾದ ಆ ಬಡ ನಾವಿಕರನ್ನು ಅವರು ಕಂಡಿರಲಿಲ್ಲ.

ಸ್ವಾತಂತ್ರ್ಯ ಘೋಷಣೆ

ಇದಾದ ಹತ್ತು ವರ್ಷಗಳೊಳಗೆ ಅದೇ ಬಂಡೆಯ ಮೇಲೆ ಬೇರೊಂದು ತಂಡದ ಕಣ್ಣು ಬಿದ್ದಿತು. ಅಮೆರಿಕಾದ ಲಾಸ್ ವೇಗಾಸ್ ನಗರದಲ್ಲಿ ನಿವೇಶನಗಳ ವ್ಯಾಪಾರದಿಂದ ಶ್ರೀಮಂತನಾದ ಮೈಕೆಲ್ ಆಲಿವರ್ ಎಂಬಾತ ಅದರ ಮುಖಂಡ. ಆತನ ಬಗ್ಗೆ ಹಗುರವಾಗಿ ಮಾತನಾಡುವುದು ನ್ಯಾಯವಲ್ಲ. ಆತ ಲಿಥುವೇನಿಯಾದಲ್ಲಿ ಹುಟ್ಟಿದ ಯೆಹೂದಿ. ನಾಜಿಗಳ ಶಿಬಿರಗಳಿಂದ ಬದುಕಿ ಉಳಿದು 1947ರಲ್ಲಿ ಅಮೆರಿಕಾ ಸೇರಿದವನು. ಸರ್ಕಾರವೆಂಬ ಯಂತ್ರ ಕೊಲೆಗಡುಕರ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡವನು. ಆದರೆ ಅದರಿಂದ ಆತ ಕಲಿತ ಪಾಠ ವಿಚಿತ್ರವಾದದ್ದು. ಜನರು ಸರ್ಕಾರವನ್ನು ತಮ್ಮ ಹಿಡಿತದಲ್ಲಿಡಬೇಕು ಎಂದು ಆತ ಹೇಳಲಿಲ್ಲ. ಆಸ್ತಿಯುಳ್ಳವನು ಸರ್ಕಾರದಿಂದ ತಪ್ಪಿಸಿಕೊಂಡು ಹೋಗಬೇಕು ಎಂದ. 1968ರಲ್ಲಿ ಹೊಸ ದೇಶಕ್ಕೊಂದು ಹೊಸ ಸಂವಿಧಾನವನ್ನೇ ಬರೆದು ಅಚ್ಚು ಹಾಕಿಸಿದ. ಸಂವಿಧಾನ ಸಿದ್ಧವಾಯಿತು, ದೇಶ ಇರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದ ಹಾಗೆ.

ದೇಶಕ್ಕಾಗಿ ಹುಡುಕಾಟ ನಡೆದು ಮಿನರ್ವಾ ಸಿಕ್ಕಿತು. ಯಾರ ಆಡಳಿತವೂ ಇಲ್ಲದ ಜಾಗವೆಂದು ಅವರು ಭಾವಿಸಿದರು. 1971ರಲ್ಲಿ ದೋಣಿಗಳಲ್ಲಿ ಮರಳು ತುಂಬಿಸಿ ತಂದು ದಿಬ್ಬದ ಮೇಲೆ ಸುರಿಸಿದರು. ಭರತದ ಮಟ್ಟಕ್ಕಿಂತ ಸ್ವಲ್ಪ ಮೇಲೆ ನೆಲ ಎದ್ದಿತು. ಚಿಕ್ಕ ಗೋಪುರವೊಂದನ್ನು ನಿಲ್ಲಿಸಿ ಧ್ವಜ ಹಾರಿಸಿದರು. 1972ರ ಜನವರಿ 19ರಂದು ಮಿನರ್ವಾ ಗಣರಾಜ್ಯ ಸ್ವತಂತ್ರವಾಯಿತೆಂದು ನೆರೆಹೊರೆಯ ದೇಶಗಳಿಗೆಲ್ಲ ಪತ್ರ ಬರೆದರು. ಮಾರಿಸ್ ಡೇವಿಸ್ ಎಂಬಾತ ಅದೇ ಫೆಬ್ರವರಿಯಲ್ಲಿ ಹಂಗಾಮಿ ಅಧ್ಯಕ್ಷನಾದ.

ಈ ಗಣರಾಜ್ಯದ ತತ್ತ್ವವೇನು? ತೆರಿಗೆ ಇಲ್ಲ. ಬಡವರಿಗೆ ಸಹಾಯವೂ ಇಲ್ಲ. ಸಹಾಯಧನ ಇಲ್ಲ. ವ್ಯಾಪಾರ ಉದ್ಯಮಗಳಲ್ಲಿ ಸರ್ಕಾರ ಯಾವ ರೀತಿಯಲ್ಲೂ ಕೈಹಾಕುವುದಿಲ್ಲ. ಪ್ರವಾಸಿಗಳು ಬರುತ್ತಾರೆ, ಮೀನುಗಾರಿಕೆ ನಡೆಯುತ್ತದೆ, ಸಣ್ಣ ಕೈಗಾರಿಕೆಗಳು ಏಳುತ್ತವೆ ಎಂಬುದು ಲೆಕ್ಕಾಚಾರ.

ಗಿರಣಿಯ ಮಿತ್ರರೇ, ಕೈಗಾರಿಕೆ ಏಳುತ್ತದೆ ಎಂದರೆ ಅದರಲ್ಲಿ ಕೆಲಸ ಮಾಡುವವರು ಬೇಕಲ್ಲವೇ? ಯಂತ್ರಕ್ಕೆ ಕೈ ಸಿಕ್ಕಿದ ಕೆಲಸಗಾರನಿಗೆ ಅಲ್ಲಿ ಯಾರು ದಿಕ್ಕು? ಕೆಲಸಗಾರ ನ್ಯಾಯ ಕೇಳಬೇಕಾದರೆ ಯಾವ ಕಛೇರಿಯ ಮೆಟ್ಟಿಲು ಹತ್ತಬೇಕು? ಕೆಲಸದಿಂದ ತೆಗೆದರೆ ಹೋಗಲು ಊರಿಲ್ಲ; ನಾಲ್ಕು ಹೆಜ್ಜೆ ನಡೆದರೆ ಸಮುದ್ರ. ಸ್ವಾತಂತ್ರ್ಯ ಎಂದು ಅವರು ಕರೆದದ್ದು ಮಾಲೀಕನ ಸ್ವಾತಂತ್ರ್ಯವನ್ನು. ಆಳಿನ ಸ್ವಾತಂತ್ರ್ಯಕ್ಕೆ ಆ ಲೆಕ್ಕದಲ್ಲಿ ಕಾಲಮ್ಮೇ ಇರಲಿಲ್ಲ.

ರಾಜನೂ ಕೈದಿಗಳೂ

1972ರ ಫೆಬ್ರವರಿ 24ರಂದು ನೆರೆಯ ದೇಶಗಳು ಸಭೆ ಸೇರಿದವು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಫಿಜಿ, ನೌರು, ಸಮೋವಾ, ಕುಕ್ ದ್ವೀಪಗಳು, ಟೊಂಗಾ. ಈ ದಿಬ್ಬಗಳು ನಮ್ಮವು, ನಮ್ಮ ಮೀನುಗಾರರು ಹಿಂದಿನಿಂದ ಹೋಗಿಬರುವ ಜಾಗ ಎಂದು ಟೊಂಗಾ ಹೇಳಿತು. ಉಳಿದವರು ಅದರ ಬೆನ್ನಿಗೆ ನಿಂತರು. ಜೂನ್ 15ರಂದು ಟೊಂಗಾದ ರಾಜ ಘೋಷಣೆ ಹೊರಡಿಸಿದ. ನಂತರ ಆತನೇ ಹಡಗು ಹತ್ತಿ ಹೊರಟ. ಸಿಪಾಯಿಗಳು, ವಾದ್ಯದವರು, ಕೆಲಸ ಮಾಡಲು ಸೆರೆಮನೆಯ ಕೈದಿಗಳು, ಎಲ್ಲರೂ ಜೊತೆಗೆ. ಜೂನ್ 19ರಂದು ಉತ್ತರದ ದಿಬ್ಬದ ಮೇಲೂ 21ರಂದು ದಕ್ಷಿಣದ ದಿಬ್ಬದ ಮೇಲೂ ಗಣರಾಜ್ಯದ ಧ್ವಜ ಇಳಿಯಿತು. ಯುದ್ಧ ನಡೆಯಲಿಲ್ಲ, ಏಕೆಂದರೆ ಕಾಪಾಡಿಕೊಳ್ಳಲು ಅಲ್ಲಿ ಪ್ರಜೆಗಳೇ ಇರಲಿಲ್ಲ. ಐದು ತಿಂಗಳ ಆ ರಾಜ್ಯದ ಹೆಸರಿನಲ್ಲಿ 35 ಡಾಲರು ಮುಖಬೆಲೆಯ ನಾಣ್ಯವೂ ಅಚ್ಚಾಯಿತು. ಅದರ ಮೇಲಿನ ಇಸವಿ 1973. ರಾಜ್ಯ ಮುಗಿದ ಮರುವರ್ಷ! 1982ರಲ್ಲಿ ಡೇವಿಸ್ ಮತ್ತೆ ಕೆಲವರೊಡನೆ ಬಂದು ಮೂರು ವಾರ ಕುಳಿತ. ಟೊಂಗಾದ ಸಿಪಾಯಿಗಳು ಎಬ್ಬಿಸಿ ಕಳುಹಿಸಿದರು.

ಇಲ್ಲಿ ರಾಜನಿಗೆ ಜಯಕಾರ ಹಾಕಿ ಮುಂದೆ ಹೋಗುವುದು ಸಮಾಜವಾದಿಗಳಾದ ನಮಗೆ ತಕ್ಕದ್ದಲ್ಲ. ಮರಳಿನ ಮೇಲೆ ಬೆವರು ಸುರಿಸಿದ ಕೈದಿಗಳನ್ನು ಯಾರೂ ಕೇಳಿರಲಿಲ್ಲ. ಟೊಂಗಾದಲ್ಲಿ ಆಗ ಅಧಿಕಾರವೆಲ್ಲ ರಾಜನ ಮತ್ತು ಸರದಾರರ ಕೈಯಲ್ಲಿತ್ತು. ಜನಸಾಮಾನ್ಯರು ಆರಿಸಿದ ಪ್ರತಿನಿಧಿಗಳು ಶಾಸನಸಭೆಯಲ್ಲಿ ಬಹುಮತ ಪಡೆಯಲು 2010ರ ಚುನಾವಣೆಯವರೆಗೆ ಹೋರಾಡಬೇಕಾಯಿತು. ಆ ದಿಬ್ಬಗಳ ಮೇಲಿನ ಹಕ್ಕಿಗಾಗಿ ಟೊಂಗಾಕ್ಕೂ ಫಿಜಿಗೂ 2011ರಲ್ಲಿ ಯುದ್ಧದೋಣಿಗಳು ಹೊರಡುವಷ್ಟು ಜಗಳವಾಯಿತು. ಗಡಿಯ ಹುಚ್ಚು ದೊಡ್ಡ ದೇಶಗಳದ್ದೇ ಅಲ್ಲ.

ಆದರೂ ಒಂದು ವ್ಯತ್ಯಾಸವನ್ನು ಗಮನಿಸಿ. 1875ರ ಟೊಂಗಾ ಸಂವಿಧಾನ ಭೂಮಿಯ ಮಾರಾಟವನ್ನೇ ನಿಷೇಧಿಸಿತು. ಆದ್ದರಿಂದಲೇ ಸುತ್ತಣ ದ್ವೀಪಗಳ ನೆಲ ಬಿಳಿಯ ತೋಟದ ಮಾಲೀಕರ ಪಾಲಾದಾಗ ಟೊಂಗಾದ ನೆಲ ಬಹುಮಟ್ಟಿಗೆ ಟೊಂಗದವರಲ್ಲಿ ಉಳಿಯಿತು. ನೆಲವನ್ನು ತುಂಡು ಮಾಡಿ ಮಾರಿ ಶ್ರೀಮಂತನಾದ ವ್ಯಾಪಾರಿ, ನೆಲವನ್ನು ಮಾರಲೇಬಾರದೆಂಬ ದೇಶದ ಪಕ್ಕದಲ್ಲಿ ಅಂಗಡಿ ತೆರೆಯಲು ಹೋದ. ಅಷ್ಟೇ ಅಲ್ಲ, ಟೊಂಗಾ ತನ್ನ ವಿದೇಶ ವ್ಯವಹಾರವನ್ನು ಬ್ರಿಟಿಷರಿಂದ ಪೂರ್ತಿಯಾಗಿ ತನ್ನ ಕೈಗೆ ತೆಗೆದುಕೊಂಡದ್ದು 1970ರಲ್ಲಿ. ಒಬ್ಬ ಯಜಮಾನ ಹೋಗಿ ಎರಡು ವರ್ಷವಾಗಿರಲಿಲ್ಲ, ಇನ್ನೊಬ್ಬ ಬಾಗಿಲಿಗೆ ಬಂದ.

ಬಡವರ ದೂರು, ಧನಿಕರ ಧ್ವಜ

ಮಿನರ್ವಾದಲ್ಲಿ ಜನರಿರಲಿಲ್ಲ. ಆದ್ದರಿಂದ ಅದನ್ನು ನಕ್ಕು ಮರೆಯಬಹುದು. ಮುಂದಿನದನ್ನು ಮರೆಯಲಾಗದು. ಆಲಿವರ್ ಮತ್ತು ಆತನ ಫೀನಿಕ್ಸ್ ಪ್ರತಿಷ್ಠಾನ ಮರಳಿನಿಂದ ಪಾಠ ಕಲಿತವು. ಜನರಿಲ್ಲದ ರಾಜ್ಯ ನಿಲ್ಲುವುದಿಲ್ಲ, ಆದ್ದರಿಂದ ಜನರಿರುವ ದ್ವೀಪವನ್ನೇ ಹಿಡಿಯಬೇಕು ಎಂಬುದೇ ಆ ಪಾಠ.

ನ್ಯೂ ಹೆಬ್ರಿಡೀಸ್ ಎಂಬ ದ್ವೀಪಸಮೂಹವನ್ನು ಬ್ರಿಟಿಷರೂ ಫ್ರೆಂಚರೂ 1906ರಿಂದ ಜಂಟಿಯಾಗಿ ಆಳುತ್ತಿದ್ದರು. ಎರಡು ಆಡಳಿತ, ಎರಡು ಪೊಲೀಸು, ಎರಡು ಕಾಯಿದೆ; ಮೂಲನಿವಾಸಿಗೆ ಮಾತ್ರ ಒಂದರಲ್ಲಿಯೂ ಹಕ್ಕಿಲ್ಲ. ಅಲ್ಲಿನ ಸಾಂಟೋ ದ್ವೀಪದಲ್ಲಿ ತೋಟದ ಮಾಲೀಕರು ತೆಂಗಿನ ತೋಟ ಬಿಟ್ಟು ಒಳಗಿನ ಕಾಡಿಗೂ ಬೇಲಿ ಹಾಕಲು ಹೊರಟರು. 1960ರ ದಶಕದಲ್ಲಿ ಇದರ ವಿರುದ್ಧ ನಗ್ರಿಯಾಮೆಲ್ ಎಂಬ ಚಳವಳಿ ಎದ್ದಿತು. ಜಿಮ್ಮಿ ಸ್ಟೀವನ್ಸ್ ಎಂಬಾತ ಅದರ ನಾಯಕ. ನಮ್ಮ ಕಾಡು ನಮಗೆ ಬೇಕು ಎಂಬುದು ಅವರ ಬೇಡಿಕೆ. 1971ರಲ್ಲಿ ವಿಶ್ವಸಂಸ್ಥೆಗೂ ಮನವಿ ಕಳುಹಿಸಿದರು. ಇದಕ್ಕಿಂತ ನ್ಯಾಯವಾದ ಕೂಗು ಯಾವುದು?

ಆ ಕೂಗಿನ ಹೆಗಲ ಮೇಲೆ ಪ್ರತಿಷ್ಠಾನದವರು ಕೈಯಿಟ್ಟರು. ರೇಡಿಯೋ ಯಂತ್ರ ಕೊಟ್ಟರು, ನಾಣ್ಯ ಅಚ್ಚು ಹಾಕಿಸಿದರು, ಸಂವಿಧಾನದ ಕರಡು ಬರೆದುಕೊಟ್ಟರು. ಸ್ಥಳೀಯ ಫ್ರೆಂಚ್ ತೋಟಗಾರರೂ ಜೊತೆ ಸೇರಿದರು. ಅಂದರೆ ಚಳವಳಿ ಯಾರ ವಿರುದ್ಧ ಹುಟ್ಟಿತೋ ಅವರೇ! 1980ರ ಮೇ ತಿಂಗಳಲ್ಲಿ ಬಿಲ್ಲು ಬಾಣ ಹಿಡಿದ ಜನ ಸಾಂಟೋದ ಪಟ್ಟಣವನ್ನು ಹಿಡಿದರು. ವೆಮೆರಾನಾ ಎಂಬ ಸ್ವತಂತ್ರ ರಾಜ್ಯ ಘೋಷಣೆಯಾಯಿತು. ಜುಲೈ 30ರಂದು ಇಡೀ ದ್ವೀಪಸಮೂಹ ವನುವಾಟು ಎಂಬ ಹೆಸರಿನಲ್ಲಿ ಸ್ವತಂತ್ರವಾಯಿತು. ಪ್ರಧಾನಿ ವಾಲ್ಟರ್ ಲೀನಿ ನೆರೆಯ ಪಪುವಾ ನ್ಯೂಗಿನಿಯ ಸೈನ್ಯದ ನೆರವು ಪಡೆದರು. ಆಗಸ್ಟ್ ಕೊನೆಯ ವೇಳೆಗೆ ಎಲ್ಲ ಮುಗಿಯಿತು.

ಫಲ ಯಾರಿಗೆ ಏನು ಸಿಕ್ಕಿತು ನೋಡಿ. ಸ್ಟೀವನ್ಸನ ಮಗ ಗುಂಡಿಗೆ ಬಲಿಯಾದ. ಸ್ಟೀವನ್ಸನಿಗೆ 14 ವರ್ಷದ ಸಜೆಯಾಗಿ, 1991ರವರೆಗೆ ಸೆರೆಯಲ್ಲಿ ಕಳೆದ. ಹಣ ಕೊಟ್ಟವರು ಅಮೆರಿಕಾದಲ್ಲಿಯೇ ಇದ್ದರು. ಸಾಂಟೋದ ಜನ ಕೇಳಿದ್ದ ನೆಲ ಸಿಕ್ಕಿದ್ದು ಮಾತ್ರ ಅವರು ಯಾವ ಸರ್ಕಾರದ ವಿರುದ್ಧ ದಂಗೆಯೆದ್ದರೋ ಅದೇ ವನುವಾಟುವಿನ ಸಂವಿಧಾನದಿಂದ. ದೇಶದ ಭೂಮಿಯೆಲ್ಲ ಪರಂಪರೆಯಿಂದ ಅದನ್ನು ಹೊಂದಿದ ಮೂಲನಿವಾಸಿಗಳಿಗೂ ಅವರ ಸಂತತಿಗೂ ಸೇರಿದ್ದು ಎಂದು ಅದು ಸಾರಿತು. ಬಡವನ ದೂರು ನಿಜವಾದದ್ದಾದರೂ ಅದನ್ನು ಯಾರ ಕೈಗೆ ಕೊಡುತ್ತೇವೆ ಎಂಬ ಎಚ್ಚರವಿರಬೇಕು. ಸಂಘ ಕಟ್ಟುವ ನಮಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ.

ತೆರಿಗೆಯ ಲೆಕ್ಕ

ಈಗ ವರ್ತಕ ಮಿತ್ರರ ಪ್ರಶ್ನೆಗೆ ಬರೋಣ. "ಇವರು ಕೆಟ್ಟವರೇ ಆಗಿರಲಿ, ತೆರಿಗೆ ಇಲ್ಲದಿರುವುದು ಒಳ್ಳೆಯದೇ ಅಲ್ಲವೇ?" ಎಂದು ತಾವು ಕೇಳಬಹುದು.

ಅದೇ ವನುವಾಟುವನ್ನು ತೆಗೆದುಕೊಳ್ಳಿ. ಬ್ರಿಟಿಷರ ಕಾಲದಲ್ಲಿಯೇ, 1970ರ ದಶಕದ ಮೊದಲಿಗೆ, ಪರದೇಶದ ಧನಿಕರ ಹಣ ಬರಲೆಂದು ಅಲ್ಲಿ ಆದಾಯ ತೆರಿಗೆ ಇಲ್ಲದ ಪದ್ಧತಿ ಬೇರೂರಿತು. ಸ್ವಾತಂತ್ರ್ಯದ ನಂತರವೂ ಅದು ಮುಂದುವರಿಯಿತು. ಹಾಗಾದರೆ ಶಾಲೆ, ರಸ್ತೆ, ಬಂದರುಗಳ ಖರ್ಚು ಎಲ್ಲಿಂದ ಬರಬೇಕು? ಅಂಗಡಿಯಿಂದ! 1998ರಲ್ಲಿ ಸರಕುಗಳ ಮೇಲೆ ಶೇಕಡ 12.5ರ ತೆರಿಗೆ ಬಂದಿತು. 2018ರಲ್ಲಿ ಅದು ಶೇಕಡ 15ಕ್ಕೆ ಏರಿತು. ಕೋಟ್ಯಧಿಪತಿಯ ಆದಾಯಕ್ಕೆ ತೆರಿಗೆಯಿಲ್ಲ. ಹಳ್ಳಿಯ ಹೆಂಗಸು ಕೊಳ್ಳುವ ಸಾಬೂನಿಗೆ ಇದೆ. ತೆರಿಗೆ ಇಲ್ಲದ ನಾಡು ಎಂದರೆ ಧನಿಕನಿಗೆ ತೆರಿಗೆ ಇಲ್ಲದ ನಾಡು. ಅವನು ಇಳಿಸಿದ ಮೂಟೆ ನೆಲದ ಮೇಲೆ ಬೀಳುವುದಿಲ್ಲ, ನಮ್ಮ ತಲೆಯ ಮೇಲೆ ಬೀಳುತ್ತದೆ.

ನಮ್ಮಲ್ಲಿಯೂ ಸಾಬೂನಿನ ಮೇಲೆ ಗಿರಣಿಯ ಆಳು ತೆರುವ ತೆರಿಗೆಯೂ ಗಿರಣಿಯ ಮಾಲೀಕ ತೆರುವ ತೆರಿಗೆಯೂ ಒಂದೇ. 2017ರ ಜಿ.ಎಸ್.ಟಿ. ಬಂದ ಮೇಲೆ ಅದರ ಲೆಕ್ಕ ಬರೆಯುವ ಕೂಲಿಯಿಲ್ಲದ ಗುಮಾಸ್ತೆ ಅಂಗಡಿಯವನೇ. 2019ರಲ್ಲಿ ಕಂಪೆನಿಗಳ ತೆರಿಗೆಯ ದರವನ್ನು ಶೇಕಡ 30ರಿಂದ 22ಕ್ಕೆ ಇಳಿಸಿಕೊಳ್ಳುವ ಅವಕಾಶ ಕೊಡಲಾಯಿತು. ಆದ್ದರಿಂದ ಅಂಗಡಿಯವನ ದೂರು ನಿಜ. ಆದರೆ ಅದರ ಮದ್ದು ತೆರಿಗೆಯನ್ನು ತೆಗೆಯುವುದಲ್ಲ. ಹೊರಬಲ್ಲವನ ಹೆಗಲಿಗೆ ಅದನ್ನು ಸರಿಸುವುದು. ಇದನ್ನು ಅಂಗಡಿಯವನೂ ಆಳೂ ಜೊತೆಯಾಗಿ ಕೇಳದ ಹೊರತು ಯಾರೂ ಕೊಡುವುದಿಲ್ಲ.

ಆಟ ಇನ್ನೂ ಮುಗಿದಿಲ್ಲ

ಇವೆಲ್ಲ ಹಳೆಯ ಸಂಗತಿ ಎಂದು ತಿಳಿಯಬೇಡಿ. ಸಮುದ್ರದ ಮೇಲೆ ತೇಲುವ ನಗರಗಳನ್ನು ಕಟ್ಟುತ್ತೇವೆಂದು 2008ರಲ್ಲಿ ಅಮೆರಿಕಾದಲ್ಲಿ ಒಂದು ಸಂಸ್ಥೆ ಹುಟ್ಟಿತು. ಕೋಟ್ಯಧಿಪತಿ ಪೀಟರ್ ಥೀಲ್ ಅದಕ್ಕೆ ಹಣ ಕೊಟ್ಟ. 2017ರಲ್ಲಿ ಫ್ರೆಂಚ್ ಪಾಲಿನೇಷಿಯಾದ ಸರ್ಕಾರದೊಡನೆ ಅದು ಒಪ್ಪಂದದ ಕಾಗದ ಮಾಡಿಕೊಂಡಿತು. ಅಲ್ಲಿನ ಜನ ವಿರೋಧಿಸಿದರು. ಮರುವರ್ಷವೇ ಅದು ಬಿದ್ದುಹೋಯಿತು.

ಮಧ್ಯ ಅಮೆರಿಕಾದ ಹೊಂಡುರಾಸಿನಲ್ಲಿ ಇನ್ನೂ ಜಾಣ ಉಪಾಯ ನಡೆಯಿತು. ಸ್ವಾತಂತ್ರ್ಯ ಘೋಷಿಸುವ ಗೊಡವೆಯೇ ಇಲ್ಲ. ದೇಶದೊಳಗೇ ಇದ್ದು ಕಾಯಿದೆಯಿಂದ ಹೊರಗಿರುವುದು. 2013ರ ಶಾಸನವೊಂದರ ಮೇಲೆ ರೊಆಟಾನ್ ದ್ವೀಪದಲ್ಲಿ ಪ್ರೋಸ್ಪೆರಾ ಎಂಬ ಕಂಪೆನಿಯ ವಲಯ ಎದ್ದಿತು. ತನ್ನದೇ ತೆರಿಗೆ, ತನ್ನದೇ ನಿಯಮ, ವ್ಯಾಜ್ಯ ತೀರಿಸಲು ಅಮೆರಿಕಾದ ನಿವೃತ್ತ ನ್ಯಾಯಾಧೀಶರು. ಪಕ್ಕದ ಮೀನುಗಾರರ ಹಳ್ಳಿ ತನ್ನ ನೆಲ ಹೋಗುತ್ತದೆಂದು ಹೆದರಿತು. 2022ರಲ್ಲಿ ಹೊಂಡುರಾಸಿನ ಶಾಸನಸಭೆ ಒಮ್ಮತದಿಂದ ಆ ಶಾಸನವನ್ನು ರದ್ದು ಮಾಡಿತು. 2024ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೂ ಅದು ಸಂವಿಧಾನಕ್ಕೆ ವಿರುದ್ಧವೆಂದಿತು. ರದ್ದಾದ ವರ್ಷವೇ ಕಂಪೆನಿ ಅಂತರರಾಷ್ಟ್ರೀಯ ಪಂಚಾಯಿತಿಗೆ ಹೋಗಿ ಒಂದು ಸಾವಿರ ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಕೇಳಿತು. ಸರ್ಕಾರ ಯಾವುದರಲ್ಲೂ ಕೈಹಾಕಬಾರದು ಎನ್ನುವವರು ಸರ್ಕಾರದ ಬೊಕ್ಕಸಕ್ಕೆ ಕೈಹಾಕಲು ಹಿಂಜರಿಯುವುದಿಲ್ಲ.

ಮರಳು ಸುರಿದು ರಾಜ್ಯ ಮಾಡುವ ದಾರಿಯನ್ನು 1982ರ ಸಮುದ್ರ ಕಾಯಿದೆಯ ಒಪ್ಪಂದ ಬಹುಮಟ್ಟಿಗೆ ಮುಚ್ಚಿತು. ಭರತದ ಹೊತ್ತಿನಲ್ಲಿಯೂ ನೀರಿನ ಮೇಲಿರುವ, ಸಹಜವಾಗಿ ಆದ ನೆಲವೇ ದ್ವೀಪ. ಮನುಷ್ಯ ಕಟ್ಟಿದ ದಿಬ್ಬಕ್ಕೆ ದ್ವೀಪದ ಹಕ್ಕಿಲ್ಲ ಎಂದು ಅದು ಹೇಳುತ್ತದೆ. ಕಾಗದದ ಮೇಲೆ ಕಟ್ಟುವ ದ್ವೀಪಗಳನ್ನು ತಡೆಯುವ ಕಾಯಿದೆಯನ್ನು ಮಾತ್ರ ಜನರೇ ಕಾಯಬೇಕು. ವಿಶೇಷ ವಲಯ, ರಿಯಾಯಿತಿ ವಲಯ ಎಂಬ ಹೆಸರುಗಳು ಕಿವಿಗೆ ಬಿದ್ದಾಗ ಮೂರು ಪ್ರಶ್ನೆ ಕೇಳಿ. ಅಲ್ಲಿ ಯಾವ ಕೂಲಿ ಕಾಯಿದೆ ನಡೆಯುತ್ತದೆ? ಅಲ್ಲಿ ಬಿಟ್ಟುಕೊಟ್ಟ ತೆರಿಗೆಯನ್ನು ಯಾರಿಂದ ತುಂಬಿಸಿಕೊಳ್ಳುತ್ತಾರೆ? ಆ ನೆಲ ನಿನ್ನೆಯವರೆಗೆ ಯಾರದಾಗಿತ್ತು?

ರಸ್ತೆಯಲ್ಲಿ ಸರಕು ಸಾಗಿಸಿ, ಸಾರ್ವಜನಿಕ ಶಾಲೆಯಲ್ಲಿ ಓದಿದ ಗುಮಾಸ್ತರನ್ನು ಇಟ್ಟುಕೊಂಡು, ಸರ್ಕಾರದ ನ್ಯಾಯಾಲಯದಲ್ಲಿ ಕರಾರು ಊರ್ಜಿತಗೊಳಿಸಿಕೊಂಡು ಹಣ ಮಾಡಿದವನು, ನಾನು ಯಾರಿಗೂ ಏನೂ ಕೊಡಬೇಕಾಗಿಲ್ಲ ಎನ್ನುತ್ತಾನೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವ ಬುದ್ಧಿ ಇದು. ನಾವು ಹೊಳೆಯ ಈ ದಡದಲ್ಲಿ ಇರುವವರು. ಬಂಡೆಯ ಮೇಲೆ ಸಿಕ್ಕಿದ ಹದಿನೇಳು ಜನರಲ್ಲಿ ನಾವೂ ಒಬ್ಬರಾಗಬಹುದು. ಆಗ ವಿಮಾನ ಬರಬೇಕು.

ಮುಂದಿನ ಸಭೆಗೆ ಅಂಗಡಿಯವರು ತಮ್ಮ ತೆರಿಗೆಯ ಚೀಟಿಗಳನ್ನೂ ಗಿರಣಿಯವರು ತಮ್ಮ ಕೂಲಿಯ ಚೀಟಿಗಳನ್ನೂ ತರಬೇಕೆಂದು ಕೋರುತ್ತೇನೆ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ಲೆಕ್ಕ ಹಾಕೋಣ. ಯಾರು ಎಷ್ಟು ಹೊತ್ತಿದ್ದಾರೆ, ಯಾರು ಹೊರಬೇಕಾಗಿತ್ತು ಎಂಬುದು ಗೊತ್ತಾದ ಮೇಲೆ ಮನವಿ ಬರೆಯುವುದು ಕಷ್ಟವಲ್ಲ.